ಎರಡು ‘ಯೀ’ಗಳು ಒಂದೇ ಅಲ್ಲ

ಇಂಗ್ಲೆಂಡಿನಲ್ಲಿ ಹಳೆಯ ಕಾಲದ ಸೊಗಸು ತೋರಿಸಲೆಂದು ಅಂಗಡಿ, ಹೋಟೆಲುಗಳ ಫಲಕಗಳ ಮೇಲೆ ಬರೆಸುವ ‘ಯೀ ಓಲ್ಡ್’ ಎಂಬಲ್ಲಿನ ‘ಯೀ’ಯನ್ನೂ, 1611ರ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಮತ್ತೆ ಮತ್ತೆ ಬರುವ ‘ಯೀ’ಯನ್ನೂ ಒಂದೇ ಪದವೆಂದು ನಂಬಿದವರು ಬಹಳ ಮಂದಿ ಇದ್ದಾರೆ. ಎರಡಕ್ಕೂ ವೈ ಮತ್ತು ಇ ಎಂಬ ಅವೇ ಅಕ್ಷರಗಳಿರುವುದರಿಂದ ಹಾಗೆ ತೋರುವುದು ಸಹಜ. ಆದರೆ ಫಲಕದ ಮೇಲಿರುವುದು ಬೈಬಲಿನಲ್ಲಿರುವಂತೆ ಸರ್ವನಾಮವೇ ಅಲ್ಲ. ಅದು ನಾವೆಲ್ಲರೂ ಬಲ್ಲ ‘ದಿ’.

ಹಳೆಯ ಇಂಗ್ಲಿಷಿನಲ್ಲಿ ‘ಥಾರ್ನ್’ ಎಂಬ ಅಕ್ಷರವಿತ್ತು. ಉತ್ತರ ಯೂರೋಪಿನ ಪ್ರಾಚೀನ ರೂನ್ ಲಿಪಿಯಿಂದ ಬಂದ ಆ ಅಕ್ಷರವು ಇಂದು ಟಿ ಮತ್ತು ಎಚ್ ಸೇರಿಸಿ ಬರೆಯುವ ಧ್ವನಿಯನ್ನು ತಾನೊಂದೇ ಸೂಚಿಸುತ್ತಿತ್ತು. ಐಸ್‌ಲ್ಯಾಂಡಿನ ಭಾಷೆಯಲ್ಲಿ ಈಗಲೂ ಬಳಕೆಯಲ್ಲಿದೆ. ಮಧ್ಯಯುಗದ ಕೊನೆಯ ಹೊತ್ತಿಗೆ ಕೈಬರಹದಲ್ಲಿ ಅದರ ರೂಪ ಬದಲಾಗುತ್ತ ವೈ ಅಕ್ಷರವನ್ನೇ ಹೋಲತೊಡಗಿತು. 1476ರ ಸುಮಾರಿಗೆ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ ಮೇಲೆ, ಯೂರೋಪಿನ ಇತರ ನಾಡುಗಳ ಮಾದರಿಯ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇಲ್ಲದಿದ್ದುದರಿಂದ, ವೈ ಮೊಳೆಯನ್ನೇ ಜೋಡಿಸಿ ಅದರ ನೆತ್ತಿಯ ಮೇಲೆ ಚಿಕ್ಕದೊಂದು ಇ ಇಡುವ ರೂಢಿ ಮುದ್ರಕರಲ್ಲಿ ಬೆಳೆಯಿತು. ಆ ಕಾಲದ ಓದುಗರು ಅದನ್ನು ‘ದಿ’ ಎಂದೇ ಓದುತ್ತಿದ್ದರು. ‘ಯೀ’ ಎಂಬ ಉಚ್ಚಾರಣೆ ಆ ರೂಢಿಯನ್ನು ಮರೆತ ನಂತರದ ತಲೆಮಾರುಗಳದು.

ಬೈಬಲಿನ ‘ಯೀ’ ಮಾತ್ರ ನಿಜವಾಗಿಯೂ ‘ನೀವು’. ಬಹುವಚನದ ಕರ್ತೃಸ್ಥಾನದಲ್ಲಿ ‘ಯೀ’, ಕರ್ಮಸ್ಥಾನದಲ್ಲಿ ‘ಯೂ’. ಏಕವಚನಕ್ಕೆ ‘ದೌ’ ಮತ್ತು ‘ದೀ’. ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯವನ್ನು ನೋಡಬೇಕು. ರಾತ್ರಿಯಲ್ಲಿ ಒಬ್ಬನೇ ಬಂದ ನಿಕೊದೇಮನಿಗೆ ಯೇಸು, ‘ನಾನು ನಿನಗೆ ಹೇಳಿದೆನು’ ಎಂದು ಏಕವಚನದಲ್ಲಿ ಆರಂಭಿಸಿ, ‘ನೀವು ಹೊಸದಾಗಿ ಹುಟ್ಟಬೇಕು’ ಎಂದು ಬಹುವಚನಕ್ಕೆ ಹೊರಳುತ್ತಾನೆ. ಎದುರಿಗಿರುವವನು ಒಬ್ಬನಾದರೂ ಮಾತು ಎಲ್ಲರಿಗೂ ಸಲ್ಲುತ್ತದೆ. ಗ್ರೀಕ್ ಮೂಲದಲ್ಲಿಯೂ ಹೀಗೆಯೇ ಇದೆ. ಎರಡೂ ಕಡೆ ‘ಯೂ’ ಎಂದೇ ಬರೆಯುವ ಇಂದಿನ ಇಂಗ್ಲಿಷಿನಲ್ಲಿ ಈ ಹೊರಳು ಕಾಣದಂತಾಗಿರುವುದು ನನಗೆ ದೊಡ್ಡ ನಷ್ಟವಾಗಿಯೇ ತೋರುತ್ತದೆ.

ಆದ್ದರಿಂದ ನಮ್ಮ ಕಾಲೇಜುಗಳಲ್ಲಿ ಹಳೆಯ ಇಂಗ್ಲಿಷ್ ಪಠ್ಯಗಳನ್ನು ಕಲಿಸುವವರು ‘ಯೀ ಎಂದರೆ ಯೂ’ ಎಂದಷ್ಟೇ ಹೇಳಿ ಮುಂದೆ ಹೋಗದೆ, ನಮ್ಮ ನೀನು–ನೀವುಗಳ ಮೂಲಕವೇ ಅದನ್ನು ವಿವರಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಜೊತೆಗೊಂದು ಎಚ್ಚರವೂ ಬೇಕು: ಕಿಂಗ್ ಜೇಮ್ಸ್ ಬೈಬಲಿನಲ್ಲಿ ಬಹುವಚನವೆಂದರೆ ಸಂಖ್ಯೆಯೇ ಹೊರತು ನಮ್ಮ ‘ನೀವು’ವಿನಲ್ಲಿರುವ ಗೌರವವಲ್ಲ; ಅಲ್ಲಿ ರಾಜನನ್ನೂ ದೇವರನ್ನೂ ‘ದೌ’ ಎಂದೇ ಕರೆಯಲಾಗಿದೆ.