ಸೈಡ್ ತಿರುಗಿಸೋಕೂ ಪುರುಸೊತ್ತಿಲ್ಲ

ಸೆಪ್ಟೆಂಬರ್ ಕೊನೇ ವಾರ ಬಂತು ಅಂದ್ರೆ ನಮ್ಮನೇಲಿ ಸಂಜೆ ಏಳರ ಮೇಲೆ ಟೀವಿ ಮ್ಯೂಟು, ರೆಕಾರ್ಡ್ ಪ್ಲೇಯರ್ ಆನು. ಟೀವೀಲಿ ನಮ್ಮ ನ್ಯೂಯಾರ್ಕ್ ಬೇಸ್‌ಬಾಲ್ ಟೀಮು ಮೆಟ್ಸ್ ಸೋಲ್ತಾ ಇರ್ತಾರೆ, ಪಕ್ಕದಲ್ಲಿ ಜಾಝ್‌ನ ಕೋಲ್ಟ್ರೇನೋ ರಾಕ್‌ನ ಆಲ್ಮನ್ ಬ್ರದರ್ಸೋ ಓಡ್ತಾ ಇರುತ್ತೆ. ಎಷ್ಟೋ ವರ್ಷದಿಂದ ಸುಸೂತ್ರವಾಗಿ ನಡ್ಕೊಂಡು ಬಂದ ವ್ಯವಸ್ಥೆ ಇದು. ಎಲ್‌ಪಿ ಒಂದು ಸೈಡ್ ಇಪ್ಪತ್ತು ನಿಮಿಷ ಚಿಲ್ಲರೆ, ಅದು ಮುಗಿದಾಗ ಎದ್ದು ಹೋಗಿ ಸೂಜಿ ಎತ್ತಿ, ತಟ್ಟೆ ತಿರುಗಿಸಿ, ಬ್ರಶ್ಶಲ್ಲಿ ಧೂಳು ತೆಗೆದು, ಮತ್ತೆ ಸೂಜಿ ಇಳಿಸಿ ಬಂದು ಕೂರೋ ಹೊತ್ತಿಗೆ ಬಾಲ್ ಎಸೆಯೋ ಪಿಚರ್ ಮಹಾಶಯ ಇನ್ನೂ ಟೋಪಿ ಸರಿ ಮಾಡ್ಕೋತಾ ಇರ್ತಿದ್ದ. ಕೈ ಜಾರದಿರಲಿ ಅಂತ ಇಟ್ಟಿರೋ ರೋಸಿನ್ ಪುಡಿ ಚೀಲ ಎತ್ತಿ ಅಂಗೈಯಲ್ಲಿ ಎರಡು ಸಲ ಕುಣಿಸೋನು, ಕೆಳಗೆ ಎಸೆಯೋನು, ಆ ಬಾಲ್ ಹಿಡಿಯೋ ಕ್ಯಾಚರ್ ಕೊಟ್ಟ ಸನ್ನೆಗೆ ಬೇಡ ಅಂತ ತಲೆ ಆಡಿಸೋನು, ಇನ್ನೊಂದಕ್ಕೂ ಬೇಡ ಅನ್ನೋನು, ಅಷ್ಟರಲ್ಲಿ ಬ್ಯಾಟರ್‌ಗೆ ಬೇಜಾರಾಗಿ ಆಚೆ ಬಂದು ಗ್ಲೌಸ್ ಪಟ್ಟಿ ಬಿಚ್ಚಿ ಕಟ್ಕೊಳ್ಳೋನು. ನಾನು ಅಡುಗೆ ಮನೆಗೆ ಹೋಗಿ ಕಾಫಿ ಬಿಸಿ ಮಾಡ್ಕೊಂಡು ಬಂದ್ರೂ ಏನೂ ಆಗಿರ್ತಿರ್ಲಿಲ್ಲ.

2023ರಲ್ಲಿ ಪಿಚ್ ಕ್ಲಾಕ್ ಅಂತ ತಂದ್ರು, ಪಿಚ್ ಅಂದ್ರೆ ಇಲ್ಲಿ ಎಸೆತ, ಇಷ್ಟು ಸೆಕೆಂಡೊಳಗೆ ಎಸೀಲೇಬೇಕು ಅಂತ. ಓಡೋರು ನಿಲ್ಲೋ ಬೇಸ್ ಖಾಲಿ ಇದ್ರೆ 15 ಸೆಕೆಂಡು, ಯಾರಾದ್ರೂ ಬೇಸಲ್ಲಿ ನಿಂತಿದ್ರೆ 20, ಮರುವರ್ಷ ಅದೂ ಜಾಸ್ತಿ ಆಯ್ತು ಅನ್ನಿಸಿ 18. ಒಂಬತ್ತು ಇನ್ನಿಂಗ್ಸ್ ಆಟ ಸರಾಸರಿ 3 ಗಂಟೆ 4 ನಿಮಿಷ ನಡೀತಿದ್ದದ್ದು ಒಂದೇ ವರ್ಷದಲ್ಲಿ 2 ಗಂಟೆ 40 ನಿಮಿಷಕ್ಕೆ ಇಳೀತು, ಎಲ್ರೂ ಚಪ್ಪಾಳೆ ಹೊಡೆದ್ರು. ಕಮ್ಮಿ ಆಗಿದ್ದು 24 ನಿಮಿಷ. ಅಂದ್ರೆ ಲೆಕ್ಕ ಹಾಕಿ, ಒಂದಿಡೀ ಸೈಡು! ಈಗ ನಾನು ಸೂಜಿ ಇಳಿಸಿ ತಿರುಗಿ ನೋಡೋದ್ರೊಳಗೆ ಇಬ್ಬರು ಔಟಾಗಿ ಮೂರನೆಯವನೂ ಬಂದು ನಿಂತಿರ್ತಾನೆ. ಏನಪ್ಪ ಅರ್ಜೆಂಟು ಇವ್ರಿಗೆ, ಬೆಳಿಗ್ಗೆ ಎದ್ದು ಹಾಲು ಕರೀಬೇಕಾ?

ಆಟದ ರೂಲ್ಸು ಮಾತ್ರ ನನ್ನ ಕೇಳ್ಬೇಡಿ, ಹೇಳಲ್ಲ. ಹೇಳಿ ಹೇಳಿ ಸಾಕಾಗಿದೆ. ಮೈಸೂರಿಂದ ಅಕ್ಕ ದಸರಾ ಹೊತ್ತಿಗೆ ಫೋನ್ ಮಾಡ್ತಾಳೆ. "ಇನ್ನೂ ಮುಗ್ದಿಲ್ವೇನೋ ನಿನ್ನ ಆಟ? ಯುಗಾದಿಗೆ ಫೋನ್ ಮಾಡ್ದಾಗ್ಲೂ ಅದನ್ನೇ ನೋಡ್ತಿದ್ದೆ." 162 ಮ್ಯಾಚು ಕಣೇ ಅಕ್ಕ, ಅಂತೀನಿ. "ಗೆದ್ರಾ?" ಇಲ್ಲ. "ಮತ್ಯಾಕೋ ನೋಡ್ತೀಯ?" ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಇದ್ದಿದ್ರೆ ಮೆಟ್ಸ್ ಫ್ಯಾನ್ ಆಗ್ತಿರ್ಲಿಲ್ಲ. ನ್ಯೂಜೆರ್ಸಿಗೆ ಬಂದ ಹೊಸದ್ರಲ್ಲಿ ಆಫೀಸಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟಿ ಟಿಕೆಟ್ ಕೊಟ್ರು, ಮೆಟ್ಸಿನ ಹಳೇ ಶೇ ಸ್ಟೇಡಿಯಂಗೆ ಹೋದೆ, ತಲೆ ಮೇಲೆ ನಿಮಿಷಕ್ಕೊಂದು ವಿಮಾನ ಲಗಾರ್ಡಿಯಾಗೆ ಇಳೀತಿತ್ತು, ಯಾರು ಏನು ಹೇಳಿದ್ರೂ ಕೇಳಿಸ್ತಿರ್ಲಿಲ್ಲ, ಆದ್ರೂ ಪಕ್ಕದ ಸೀಟಿನ ಮುದುಕಪ್ಪ ಎಲ್ಲಾ ವಿವರಿಸ್ತಾನೇ ಇದ್ದ. ಅಲ್ಲಿಂದ ಹಿಡಿದ ಗ್ರಹಚಾರ.

ಗ್ರಹಚಾರ ಅಂತ ಸುಮ್ನೆ ಅನ್ನಲಿಲ್ಲ. 2007ರಲ್ಲಿ 17 ಮ್ಯಾಚ್ ಬಾಕಿ ಇರೋವಾಗ ಏಳು ಗೇಮ್ ಮುಂದಿದ್ರು, ನಿದ್ದೆ ಮಾಡಿದ್ರೂ ಗೆಲ್ಲಬಹುದಿತ್ತು, ಹದಿನೇಳರಲ್ಲಿ ಹನ್ನೆರಡು ಸೋತ್ರು. ಕೊನೇ ದಿನ ಟಾಮ್ ಗ್ಲ್ಯಾವಿನ್ ಅಂಥ ದೊಡ್ಡ ಪಿಚರು ಒಬ್ಬನನ್ನ ಔಟ್ ಮಾಡೋದ್ರೊಳಗೆ ಏಳು ರನ್ ಕೊಟ್ಟು ಹೊರಟ. ಎದುರಿಗೆ ಫ್ಲೋರಿಡಾ ಮಾರ್ಲಿನ್ಸ್. 2008ರಲ್ಲಿ ಮತ್ತೆ ಕೊನೇ ದಿನ, ಶೇ ಸ್ಟೇಡಿಯಂನ ಕೊಟ್ಟಕೊನೇ ಆಟ, ಗೆಲ್ಲಲೇಬೇಕಿತ್ತು, ಸೋತ್ರು, ಎದುರಿಗೆ ಮಾರ್ಲಿನ್ಸೇ. ಹೋಗ್ಲಿ ಅಂದ್ಕೊಂಡ್ರೆ 2025, ಜೂನ್ ಮಧ್ಯದಲ್ಲಿ ಎರಡೂ ಲೀಗ್ ಸೇರಿಸಿದ್ರೂ ಎಲ್ಲರಿಗಿಂತ ಮುಂದಿದ್ದ ಟೀಮು ಸೆಪ್ಟೆಂಬರ್ 28ಕ್ಕೆ ಮಯಾಮಿಗೆ ಹೋಗಿ 4-0 ಸೋತ್ಕೊಂಡು ಬಂತು. ಅವತ್ತು ಪೈಪೋಟಿಲಿದ್ದ ಸಿನ್ಸಿನಾಟಿ ರೆಡ್ಸ್ ಕೂಡ ಸೋತಿದ್ರು ಸ್ವಾಮಿ, ನಮ್ಮೋರು ಒಂದು ಗೆದ್ದಿದ್ರೆ ಸಾಕಿತ್ತು. ಎರಡೂ ಟೀಮಿಗೆ ಅದೇ 83 ಗೆಲುವು, 79 ಸೋಲು, ಟೈಬ್ರೇಕರ್‌ನಲ್ಲಿ ರೆಡ್ಸ್ ಮುಂದಿನ ಸುತ್ತಿಗೆ, ನಾವು ಮನೆಗೆ. ಎದುರಿಗೆ ಯಾರಿದ್ರು ಅಂತ ಬೇರೆ ಹೇಳ್ಬೇಕಾ?

ಇಂಥದ್ದನ್ನ ಸೌಂಡ್ ಇಟ್ಕೊಂಡು ನೋಡೋ ಧೈರ್ಯ ಯಾರಿಗಿದೆ. ಮ್ಯೂಟ್ ಮಾಡೋಕೆ ಇನ್ನೊಂದು ಕಾರಣ ಜೂಜಿನ ಜಾಹೀರಾತು. 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಬೆಟ್ಟಿಂಗ್ ನಿಷೇಧ ತೆಗೆಸಿದ ಕೇಸು ನಮ್ಮ ನ್ಯೂಜೆರ್ಸಿ ರಾಜ್ಯದ್ದೇ, ಅದಾದ ಮೇಲೆ ಎರಡು ಪಿಚ್ ಮಧ್ಯೆ ಕೂಡ ಮುಂದಿನ ಪಿಚ್ ಮೇಲೆ ದುಡ್ಡು ಕಟ್ಟಿ ಅಂತ ಪೀಡಿಸ್ತಾರೆ. ನನ್ನ ಟೀಮ್ ಸೋಲೋದಕ್ಕೆ ನಾನೇ ದುಡ್ಡು ಕೊಡ್ಬೇಕಾ, ಟೀವಿ ಪ್ಯಾಕೇಜಿಗೆ ಕೊಟ್ಟಿದ್ದು ಸಾಲದಾ.

ಹಾಗಾಗಿ ಜಾಝು. ಜಾಝಲ್ಲಿ ಕ್ಲಾಕ್ ತಪ್ಪಿದ್ರೂ ನಡೆಯುತ್ತೆ. ಮೈಲ್ಸ್ ಡೇವಿಸ್‌ನ ಕೈಂಡ್ ಆಫ್ ಬ್ಲೂ ಇದೆಯಲ್ಲ, 1959ರಲ್ಲಿ ರೆಕಾರ್ಡ್ ಆಗಿದ್ದು, ಜಾಝ್ ಗಂಧಗಾಳಿ ಇಲ್ಲದೋರ ಮನೇಲೂ ಇರೋ ರೆಕಾರ್ಡು, ಅದರ ಮೊದಲ ಸೈಡಿನ ಮೂರೂ ಪೀಸು ದಶಕಗಟ್ಟಲೆ ಸ್ವಲ್ಪ ಸ್ಪೀಡಲ್ಲೇ ಓಡಿದ್ವು. ಸ್ಟುಡಿಯೋದ ಟೇಪ್ ಮೆಷೀನು ರೆಕಾರ್ಡ್ ಮಾಡೋವಾಗ ನಿಧಾನ ಓಡಿತ್ತು, ಸರಿಯಾದ ಸ್ಪೀಡಲ್ಲಿ ಹಾಕಿದಾಗ ಶ್ರುತಿ ಒಂಚೂರು ಮೇಲಕ್ಕೇರ್ತಿತ್ತು. 1992ರಲ್ಲಿ ಬ್ಯಾಕಪ್ ಮೆಷೀನಿನ ಟೇಪ್ ಹುಡುಕಿ ಸರಿ ಮಾಡಿದ್ರು. ಅಲ್ಲೀ ತನಕ ಲಕ್ಷಗಟ್ಟಲೆ ಜನ ಕಣ್ಣು ಮುಚ್ಕೊಂಡು ತಲೆ ಆಡಿಸಿದ್ರಲ್ಲ, ಯಾರಿಗೇನು ನಷ್ಟ ಆಯ್ತು? ಒಂದು ಸೆಕೆಂಡ್ ಲೇಟಾದ್ರೆ ಪೆನಾಲ್ಟಿ ಕೊಡೋ ಮಹಾನುಭಾವರು ಸ್ವಲ್ಪ ಇದನ್ನ ಕೇಳ್ಬೇಕು.

ರಾಕ್‌ನಲ್ಲಿ ನನಗೆ ಬೇಕಾದ್ದು ಉದ್ದುದ್ದ ಬಾರಿಸೋರು. ಆಲ್ಮನ್ ಬ್ರದರ್ಸ್ 1971ರ ಮಾರ್ಚಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟಲ್ಲಿ ಬಾರಿಸಿದ ರೆಕಾರ್ಡಲ್ಲಿ ಒಂದು ಸೈಡ್ ಪೂರ್ತಿ ಒಂದೇ ಹಾಡು, ವಿಪ್ಪಿಂಗ್ ಪೋಸ್ಟ್, ಇಪ್ಪತ್ಮೂರು ನಿಮಿಷ. ಶುರುವಲ್ಲಿ ಹನ್ನೊಂದರ ಲೆಕ್ಕದಲ್ಲಿ ಹೋಗುತ್ತೆ. ಮೃದಂಗ ಕಲಿತ ನನ್ನ ಭಾವ ಒಮ್ಮೆ ಇಲ್ಲಿಗೆ ಬಂದಾಗ ಅದನ್ನ ಕೇಳಿ ತೊಡೆ ಮೇಲೆ ಬೆರಳು ಮಡಚ್ತಾ ಕೂತೋರು ಊಟಕ್ಕೆ ಕರೆದ್ರೂ ಏಳ್ಲಿಲ್ಲ. "ಇದು ಇಂಗ್ಲಿಷ್ ಹಾಡಾ?" ಅಂತ ಅನುಮಾನ ಅವ್ರಿಗೆ. ಆ ಬ್ಯಾಂಡಿನ ಡ್ವೇನ್ ಆಲ್ಮನ್ ಮೈಲ್ಸನ್ನೂ ಕೋಲ್ಟ್ರೇನನ್ನೂ ಅರೆದು ಕುಡಿದವನು, ಹಂಗಾಗಿ ನನ್ನ ಪ್ರಕಾರ ಜಾಝು ರಾಕು ಬೇರೆ ಬೇರೆ ಕಪಾಟಲ್ಲಿ ಇಡೋದೇ ದಂಡ. ಮನೆಯವಳ ಪ್ರಕಾರ ಎರಡನ್ನೂ ಒಟ್ಟಿಗೆ ಗರಾಜಲ್ಲಿ ಇಡ್ಬೇಕು.

ಈ ವಿಷ್ಯದಲ್ಲಿ ನಾನು ರೂಡಿ ವ್ಯಾನ್ ಗೆಲ್ಡರ್ ಹೆಸರು ಹೇಳಿ ನೋಡಿದೀನಿ. ಇಲ್ಲೇ ಹ್ಯಾಕೆನ್ಸ್ಯಾಕ್‌ನೋರು, ಹಗಲು ಕಣ್ಣು ಟೆಸ್ಟ್ ಮಾಡಿ ಕನ್ನಡಕ ಕೊಡೋ ಕೆಲಸ, ಉಳಿದ ಹೊತ್ತಲ್ಲಿ ಅಪ್ಪ ಅಮ್ಮನ ಮನೆ ಹಾಲ್‌ನಲ್ಲೇ ಜಾಝ್ ರೆಕಾರ್ಡಿಂಗ್, ಬ್ಲೂ ನೋಟ್ ಕಂಪನಿಯ ಎಂತೆಂಥಾ ರೆಕಾರ್ಡು ಆ ಹಾಲ್‌ನಲ್ಲಿ ಆಗಿದ್ದು. ರೆಕಾರ್ಡಿನ ಹಾಡು ಮುಗಿದು ಲೇಬಲ್ ಶುರುವಾಗೋ ಮುಂಚೆ ನುಣ್ಣಗೆ ಒಂದು ಪಟ್ಟಿ ಇರುತ್ತಲ್ಲ, ಅಲ್ಲಿ ಆರ್‌ವಿಜಿ ಅಂತ ಅವ್ರ ಇನಿಷಿಯಲ್ಲು, ಪಕ್ಕದಲ್ಲಿ ಕಿವಿ ಥರ ಒಂದು ಸಣ್ಣ ಗುರುತು, ಅದು ಪ್ರೆಸ್ ಮಾಡಿದ ಪ್ಲ್ಯಾಸ್ಟಿಲೈಟ್ ಕಾರ್ಖಾನೇದು. ತಟ್ಟೆಯನ್ನ ಟೇಬಲ್ ಲ್ಯಾಂಪ್ ಕೆಳಗೆ ಓರೆ ಹಿಡಿದ್ರೆ ಮಾತ್ರ ಕಾಣೋದು. ಎರಡೂ ಇದ್ರೆ ಬೆಲೆಗೆ ಸೊನ್ನೆ ಸೇರ್ಕೊಳ್ಳುತ್ತೆ. ಪ್ರಿನ್ಸ್‌ಟನ್ ರೆಕಾರ್ಡ್ ಎಕ್ಸ್‌ಚೇಂಜಲ್ಲಿ ಭಾನುವಾರ ನನ್ನಂಥ ನಡುವಯಸ್ಸಿನೋರು ಸಾಲಾಗಿ ನಿಂತು ತಟ್ಟೆ ಓರೆ ಮಾಡ್ತಾ ಇರ್ತಾರೆ, ಒಬ್ಬರಿಗೊಬ್ಬರು ಮುಖ ನೋಡಲ್ಲ. "ಅವ್ರಮ್ಮ ಹಾಲ್‌ನಲ್ಲಿ ಡ್ರಮ್ಸೇ ಇಟ್ಕೊಳ್ಳೋಕೆ ಬಿಟ್ಟಿದ್ರು ಗೊತ್ತಾ" ಅಂದೆ. "ರೀ, ನಿಮ್ಮಮ್ಮನ್ನ ಕೇಳಿ ಹಾಗಾದ್ರೆ" ಅಂದ್ಳು.

ಹ್ಞಾಂ, ಜಾಝು, ರಾಕು, ಬೇಸ್‌ಬಾಲು ಈ ಮೂರಕ್ಕೂ ಒಂದೇ ಜನ ಯಾಕೆ ಮರುಳಾಗ್ತಾರೆ ಅನ್ನೋದಕ್ಕೆ ನನ್ನದೊಂದು ಥಿಯರಿ ಇದೆ. ಅದಕ್ಕೆ ಮುಂಚೆ ಜೇನ್ ಜಾರ್ವಿಸ್ ವಿಷ್ಯ ಹೇಳ್ಬೇಕು.

ಜೇನ್ ಜಾರ್ವಿಸ್ ಶೇ ಸ್ಟೇಡಿಯಂನಲ್ಲಿ ಆರ್ಗನ್ ನುಡಿಸ್ತಿದ್ದ ಅಮ್ಮ. ಹುಟ್ಟಿದ್ದು 1915, ಇಂಡಿಯಾನಾದ ವಿನ್ಸೆನ್ಸಲ್ಲಿ. ಚಿಕ್ಕಂದಿನಿಂದ ಪಿಯಾನೋ, ಹದಿಮೂರಕ್ಕೇ ಅಪ್ಪ ಅಮ್ಮ ಇಬ್ಬರನ್ನೂ ಆಕ್ಸಿಡೆಂಟಲ್ಲಿ ಕಳ್ಕೊಂಡ ಮಗು. ಮೊದಲು ಮಿಲ್ವಾಕೀ ಬ್ರೇವ್ಸ್ ಆಟಕ್ಕೆ ಆರ್ಗನ್, ಆಮೇಲೆ ಶೇ ಶುರುವಾದ 1964ರಿಂದ ಮೆಟ್ಸಿಗೆ. ಹಗಲು ಕೆಲಸ ಎಲ್ಲಿ ಗೊತ್ತಾ, ಮ್ಯೂಝಾಕ್ ಕಂಪನೀಲಿ, ಅದೇ ಲಿಫ್ಟಲ್ಲಿ, ಡೆಂಟಿಸ್ಟ್ ಆಫೀಸಲ್ಲಿ ಸಣ್ಣಗೆ ಕೇಳುತ್ತಲ್ಲ ಯಾರಿಗೂ ಬೇಡದ ಸಂಗೀತ, ಅದರ ಕಂಪನಿ. ಅಲ್ಲಿ ವೈಸ್ ಪ್ರೆಸಿಡೆಂಟ್ ಮಟ್ಟಕ್ಕೆ ಏರಿದ್ರು. ಏರಿ ಏನು ಮಾಡಿದ್ರು, ಲಯೋನೆಲ್ ಹ್ಯಾಂಪ್ಟನ್, ಕ್ಲಾರ್ಕ್ ಟೆರಿ ಥರದ ಜಾಝ್ ದಿಗ್ಗಜರನ್ನ ಕರೆಸಿ ಆ ಲಿಫ್ಟ್ ಸಂಗೀತಕ್ಕೇ ರೆಕಾರ್ಡ್ ಮಾಡಿಸಿದ್ರು. ಎಷ್ಟು ಜನ ಹ್ಯಾಂಪ್ಟನ್‌ನ ಕೇಳ್ತಾ ಕೇಳ್ತಾ ಗೊತ್ತಿಲ್ದೇನೇ ಹದಿನೆಂಟನೇ ಮಹಡಿಗೆ ಹೋಗಿದಾರೋ.

ಅವರ ದೊಡ್ಡ ರಾತ್ರಿ ಅಂದ್ರೆ 1977ರ ಜುಲೈ 13. ಶಿಕಾಗೋ ಕಬ್ಸ್ ಮೇಲೆ ಆಟ, ಆರನೇ ಇನ್ನಿಂಗ್ಸು, ಮೆಟ್ಸ್ ಒಂದು ರನ್ ಹಿಂದೆ, ಲೆನ್ನಿ ರ್‍ಯಾಂಡಲ್ ಬ್ಯಾಟಿಂಗು. ರಾತ್ರಿ ಒಂಬತ್ತೂವರೆ ಸುಮಾರಿಗೆ ಫಟ್ ಅಂತ ಕರೆಂಟ್ ಹೋಯ್ತು. ಸ್ಟೇಡಿಯಂದು ಮಾತ್ರ ಅಲ್ಲ, ಹೆಚ್ಚೂಕಮ್ಮಿ ಇಡೀ ನ್ಯೂಯಾರ್ಕಿಂದು. ಕರೆಂಟ್ ಹೋದ್ರೆ ನಮ್ಮೂರಲ್ಲಾದ್ರೆ ಓ ಅಂತ ಕೂಗಿ ಎದ್ದು ಹೊರಗೆ ಬಂದು ಪಕ್ಕದ ಮನೇಲೂ ಹೋಗಿದ್ಯಾ ಅಂತ ನೋಡ್ತೀವಿ, ಸಮಾಧಾನ ಆಗುತ್ತೆ. ಇವ್ರಿಗೆ ಅಭ್ಯಾಸ ಇಲ್ಲ ಪಾಪ. ಕತ್ತಲಲ್ಲಿ ಅಷ್ಟು ಸಾವಿರ ಜನ, ಮೆಟ್ಟಿಲು ಕಾಣಲ್ಲ, ಗಾಬರಿ ಬಿದ್ರೆ ಕಾಲ್ತುಳಿತವೇ. ಆರ್ಗನ್ನಿಗೆ ಹೇಗೋ ಎಮರ್ಜೆನ್ಸಿ ಕರೆಂಟ್ ಇತ್ತು. ಜೇನಮ್ಮ ಏನು ನುಡಿಸಿದ್ರು ಹೇಳಿ? ಜಿಂಗಲ್ ಬೆಲ್ಸ್. ಜುಲೈ ಸೆಖೇಲಿ! ಆಮೇಲೆ ವೈಟ್ ಕ್ರಿಸ್‌ಮಸ್. ಜನ ನಗ್ತಾ ಹಾಡ್ತಾ ಕೂತ್ರು. ಆಟಗಾರರು ತಮ್ಮ ಕಾರುಗಳನ್ನ ಮೈದಾನಕ್ಕೇ ತಂದು ಹೆಡ್‌ಲೈಟ್ ಹಾಕಿ, ಆ ಬೆಳಕಲ್ಲಿ ಬಾಲೇ ಇಲ್ಲದೆ ಫೀಲ್ಡಿಂಗ್ ಪ್ರ್ಯಾಕ್ಟೀಸ್ ಮಾಡಿದ್ರು, ಇಲ್ಲದ ಬಾಲ್ ಹಿಡಿಯೋದು, ಇಲ್ಲದ ಬಾಲ್ ಎಸೆಯೋದು, ಹಾರಿ ಬೀಳೋದು. ಆ ವರ್ಷ ಅವ್ರು ಚೆನ್ನಾಗಿ ಫೀಲ್ಡಿಂಗ್ ಮಾಡಿದ್ದು ಅವತ್ತೇ ಇರ್ಬೇಕು. ಊರಿನ ಬೇರೆ ಕಡೆ ಅದೇ ರಾತ್ರಿ ಅಂಗಡಿ ಒಡೆದು ಲೂಟಿ, ಬೆಂಕಿ. ಇಲ್ಲಿ ಕ್ರಿಸ್‌ಮಸ್ಸು.

ಆ ಮ್ಯಾಚನ್ನ ನಿಂತಲ್ಲಿಂದ ಮತ್ತೆ ಶುರು ಮಾಡಿದ್ದು ಸೆಪ್ಟೆಂಬರ್ 16ಕ್ಕೆ. ಎರಡು ತಿಂಗಳು ಯೋಚನೆ ಮಾಡೋಕೆ ಟೈಮಿತ್ತು. 5-2 ಸೋತ್ರು.

ಜೇನಮ್ಮ 1979ಕ್ಕೆ ಮೆಟ್ಸ್ ಬಿಟ್ರು. ಅರವತ್ತು ದಾಟಿದ ಮೇಲೆ, ಜನ ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರೋ ವಯಸ್ಸಲ್ಲಿ, ಮಿಲ್ಟ್ ಹಿಂಟನ್ ಅಂಥ ಬಾಸ್ ವಾದಕನ ಜೊತೆ ಮ್ಯಾನ್‌ಹಟನ್ ಕ್ಲಬ್ಬಲ್ಲಿ ಪೂರಾ ಜಾಝ್ ನುಡಿಸೋಕೆ ಕೂತ್ರು. 2008ರಲ್ಲಿ ಅವರ ಬಿಲ್ಡಿಂಗ್ ಹತ್ರ ದೊಡ್ಡ ಕ್ರೇನ್ ಕುಸಿದು ಮನೆ ಬಿಡ್ಬೇಕಾಯ್ತು, ಕೊನೆಗೆ ನ್ಯೂಜೆರ್ಸಿಯ ಎಂಗಲ್‌ವುಡ್‌ಗೆ ಬಂದು 2010ರಲ್ಲಿ 94ನೇ ವಯಸ್ಸಲ್ಲಿ ತೀರ್ಕೊಂಡ್ರು. ವ್ಯಾನ್ ಗೆಲ್ಡರ್ ಆಮೇಲೆ ಕಟ್ಟಿದ ಸ್ಟುಡಿಯೋ ಇರೋ ಎಂಗಲ್‌ವುಡ್ ಕ್ಲಿಫ್ಸ್ ಪಕ್ಕದ ಊರೇ. ಅವರ ಎಲ್‌ಪಿ ನಾನು ಹುಡುಕ್ತಾನೇ ಇದೀನಿ, ಯಾರ ಹತ್ರ ಆದ್ರೂ ಇದ್ರೆ ಹೇಳಿ, ಸರಿಯಾದ ಬೆಲೆ ಕೊಡ್ತೀನಿ, ಮನೇಲಿ ಮಾತ್ರ ಗೊತ್ತಾಗ್ಬಾರ್ದು.

ಇಷ್ಟೆಲ್ಲ ನೆನಪಾಗೋದು ಯಾವಾಗ ಅಂದ್ರೆ ಈಗಿನ ಸ್ಟೇಡಿಯಂಗೆ ಹೋದಾಗ. ಎರಡು ಪಿಚ್ ಮಧ್ಯೆ ಅಷ್ಟು ಕಮ್ಮಿ ಸೆಕೆಂಡ್ ಇದ್ರೂ ಅದ್ರಲ್ಲೂ ಢಮಢಮ ತುಂಬ್ತಾರೆ. ದೊಡ್ಡ ಪರದೆ ಮೇಲೆ ಗಲಾಟೆ ಮಾಡಿ ಅಂತ ಆರ್ಡರ್ ಬರುತ್ತೆ. ಗಲಾಟೆ ಯಾವಾಗ ಮಾಡ್ಬೇಕು ಅಂತ ಬೇಸ್‌ಬಾಲ್ ಫ್ಯಾನಿಗೆ ಹೇಳಿಕೊಡ್ಬೇಕೇನ್ರೀ? ಪಕ್ಕದೋರ ಹತ್ರ ಎರಡು ಮಾತಾಡೋಕಾಗಲ್ಲ. ನನಗೆ ಆಟ ವಿವರಿಸಿದ ಮುದುಕಪ್ಪ ಈಗ ಇದ್ದಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂರ್ಬೇಕಿತ್ತು, ನಾನೂ ಬಚಾವ್ ಆಗಿ ಯಾವುದಾದ್ರೂ ಗೆಲ್ಲೋ ಟೀಮ್ ಹಿಡೀತಿದ್ನೋ ಏನೋ.

ಥಿಯರಿ ಹೇಳ್ತೀನಿ ಅಂದೆ ಅಲ್ವಾ. ಅದನ್ನ ಮೊದಲು ಹೇಳಿದ್ದು ಹಾಸನದ ಕಡೆಯ ನನ್ನ ಫ್ರೆಂಡ್ ಒಬ್ಬನಿಗೆ, ಅವ್ನು ನ್ಯೂಯಾರ್ಕಿನ ಇನ್ನೊಂದು ಟೀಮು ಯಾಂಕೀಸ್ ಪಾರ್ಟಿ, ಅರ್ಧಕ್ಕೇ ತಡೆದ. ಜೇನ್ ಜಾರ್ವಿಸ್ ಕಥೆ ಹೇಳಿದ್ರೆ, "ನಮ್ ಹಳೇ ಸೆಂಟರ್ ಫೀಲ್ಡರ್ ಬರ್ನಿ ವಿಲಿಯಮ್ಸೇ ಜಾಝ್ ಗಿಟಾರಿಸ್ಟು ಕಣೋ, ಅವನ ಆಲ್ಬಮ್ ಲ್ಯಾಟಿನ್ ಗ್ರ್ಯಾಮಿಗೆ ನಾಮಿನೇಟ್ ಆಗಿತ್ತು" ಅಂದ. ಸರಿ, ರಾಕ್‌ಗೆ ಬಾ ಅಂದ್ರೆ, ಮೀಟ್ ಲೋಫ್‌ನ 1977ರ ಬ್ಯಾಟ್ ಔಟ್ ಆಫ್ ಹೆಲ್ ರೆಕಾರ್ಡಲ್ಲಿ ಹುಡುಗ ಹುಡುಗಿ ಕಾರಲ್ಲಿ ಕೂತಿರೋ ಹಾಡಿನ ಮಧ್ಯೆ ಬೇಸ್‌ಬಾಲ್ ಕಾಮೆಂಟ್ರಿ ಬರುತ್ತಲ್ಲ, ಅದು ಹೇಳಿದ್ದು ಹಳೇ ಯಾಂಕೀಸ್ ಶಾರ್ಟ್‌ಸ್ಟಾಪ್ ಫಿಲ್ ರಿಝೂಟೋ, ಹುಡುಗ ಎಲ್ಲೀವರೆಗೆ ಮುಂದುವರಿದ ಅನ್ನೋದರ ಕಾಮೆಂಟ್ರಿ ಅದು ಅಂತ ತನಗೆ ಗೊತ್ತೇ ಇರ್ಲಿಲ್ಲ ಅಂತ ರಿಝೂಟೋ ಹೇಳ್ಕೊಂಡು ತಿರುಗಿದ, ಎಲ್ಲಾ ಗೊತ್ತಿತ್ತು ಅಂತ ಮೀಟ್ ಲೋಫ್, ಏನೇ ಇರ್ಲಿ ರೆಕಾರ್ಡ್ ಕೋಟಿಗಟ್ಟಲೆ ಮಾರಾಟ ಆಯ್ತು ಅಂತ ಉಸಿರು ಬಿಡದೆ ಒದರಿದ. 27 ಸಲ ವರ್ಲ್ಡ್ ಸೀರೀಸ್ ಗೆದ್ದೋರಿಗೆ ಅಷ್ಟು ಸಾಲದೂ ಅಂತ ಸಂಗೀತದಲ್ಲೂ ಪಾಲು ಬೇಕು. ನಮ್ಮ ಕಡೆಗೆ ಒಬ್ಬ ಆರ್ಗನ್ ಅಮ್ಮ ಇದ್ರೆ ಅದನ್ನೂ ಬಿಡಲ್ಲ ಇವ್ರು. ಫೋನ್ ಇಟ್ಬಿಟ್ಟೆ.