ಆ ಕೆಂಪಕ್ಷರ ಓದೋಕೆ ಬಿಡಿ ಮಾರಾಯ್ರೆ

ನಿನ್ನೆ ಶಿರಸಿಯಲ್ಲಿ ತಂಗಿ ಮನೆಗೆ ಹೋಗಿದ್ದೆ. ಹೊರಗೆ ಜಡಿಮಳೆ, ಒಳಗೆ ಎಂಟು ವರ್ಷದ ಅಳಿಯನ ಆನ್‌ಲೈನ್ ಕೋಡಿಂಗ್ ಕ್ಲಾಸು. "ಅಣ್ಣಾ, ಮಾಣಿ ಈಗ್ಲೇ ಆ್ಯಪ್ ಮಾಡ್ತ!" ಅಂತ ತಂಗಿಗೆ ಖುಷಿಯೋ ಖುಷಿ. ನಾನೂ ಹಲಸಿನಕಾಯಿ ಚಿಪ್ಸ್ ಮೆಲ್ಲುತ್ತಾ ಪಕ್ಕದಲ್ಲಿ ಕೂತೆ.

ಪೈಥಾನ್ ಅನ್ನೋ ಕೋಡಿಂಗ್ ಭಾಷೆ. ಇಫ್ (ಹೀಗಿದ್ರೆ ಹಾಗೆ ಮಾಡು ಅನ್ನೋ) ಸಾಲಿನ ಕೊನೆಗೆ ಕೋಲನ್ (:) ಹಾಕೋದು ಮರೆತಿದ್ದ. ಕೆಂಪಕ್ಷರದಲ್ಲಿ ಎರರ್ ಬಂತು. ಎಷ್ಟನೇ ಸಾಲು, ಏನು ಬೇಕಿತ್ತು, ಎಲ್ಲ ಅದರಲ್ಲೇ ಇತ್ತು. ಮಾಣಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದೋಕೆ ಶುರುಮಾಡಿದ. ಅಷ್ಟರಲ್ಲಿ ಟೀಚರಮ್ಮ, "ಅದನ್ನ ಬಿಡು ಪುಟ್ಟಾ, ಸರಿಯಾದ ಕೋಡ್ ಚಾಟ್‌ನಲ್ಲಿ ಹಾಕಿದ್ದೇನೆ, ಪೇಸ್ಟ್ ಮಾಡು" ಅಂದರು. ಮಾಡಿದ. ಓಡಿತು. ಚಪ್ಪಾಳೆ. ಕ್ಲಾಸು ಮುಗಿಯುವಾಗ 'ಜೂನಿಯರ್ ಡೆವಲಪರ್' ಅಂತ ಸರ್ಟಿಫಿಕೇಟೂ ಬಂತು!

ನನಗೆ ಮೈಯೆಲ್ಲ ಉರಿದುಹೋಯ್ತು. ಅವನು ಓದ್ತಾ ಇದ್ದನಲ್ವಾ? ಇಡೀ ಕ್ಲಾಸಿನಲ್ಲಿ ಕಲಿಯೋದಿದ್ದಿದ್ದು ಅದೊಂದೇ.

ಕೋಡ್ ಬರೆದೇ ಬದುಕೋ ನನ್ನ ಕಥೆಯೂ ಕೇಳಿ. ಹೈಸ್ಕೂಲಿನಲ್ಲಿದ್ದಾಗ ಇದೇ ಶಿರಸಿಯಲ್ಲಿ ಜಿಡಬ್ಲ್ಯೂ ಬೇಸಿಕ್ ಅನ್ನೋ ಹಳೇ ಕೋಡಿಂಗ್ ಭಾಷೆ. ಪ್ರಿಂಟ್ ಅಂತ ಬರೆಯುವಲ್ಲಿ ಆರ್ ಮತ್ತು ಐ ಅದಲುಬದಲು. 'ಸಿಂಟ್ಯಾಕ್ಸ್ ಎರರ್ ಇನ್ 30'. ಮಾಸ್ತರರು ಚಾ ಕುಡಿಯೋಕೆ ಹೊರಟವರು ಬಾಗಿಲಲ್ಲೇ ನಿಂತು, "30ನೇ ಸಾಲು ಅಂತಿದೆಯಲ್ಲೋ, ಓದು" ಅಂದು ನಡೆದೇಬಿಟ್ಟರು. ನಲವತ್ತು ನಿಮಿಷ ಹುಡುಕಿದೆ. ಸಿಕ್ಕಿದ ಖುಷಿಗೆ ಸೇವ್ ಮಾಡೋದು ಮರೆತೆ, ಕರೆಂಟ್ ಹೋಯ್ತು. ಮಳೆಗಾಲದ ಶಿರಸಿ, ಇನ್ನೇನು!

ಆಮೇಲೆ ಕಷ್ಟಪಟ್ಟು ಕಲಿತ ವಿಬಿ 6 ಅನ್ನೋ ಭಾಷೆಗೆ ಮೈಕ್ರೋಸಾಫ್ಟ್ 2008ರಲ್ಲಿ ಬೆಂಬಲ ನಿಲ್ಲಿಸಿ ಕೈಮುಗಿಯಿತು. ಜಾವಾ ಹಿಡಿದೆ, ಈಗ ಪೈಥಾನ್. ಭಾಷೆ ಯಾವುದೇ ಬರಲಿ, ಎರರ್ ಓದೋ ಚಾಳಿಯೊಂದೇ ಇಷ್ಟು ವರ್ಷ ಅನ್ನ ಹಾಕಿದ್ದು.

"ಸಣ್ಣಕಿದ್ದಾಗಲೇ ಶುರುಮಾಡಿದ್ರೆ ಒಳ್ಳೇದಲ್ವಾ, ಲಿನಕ್ಸ್ ಮಾಡಿದ ಲಿನಸ್ ಟೊರ್ವಾಲ್ಡ್ಸ್ ನೋಡು" ಅಂತ ಭಾವನ ವಾದ. ಹೌದು ಭಾವ, ಹನ್ನೊಂದರ ವಯಸ್ಸಿಗೇ ಅಜ್ಜನ ಕಮೊಡೋರ್ ವಿಕ್-20 ಕಂಪ್ಯೂಟರಿನಲ್ಲಿ ಶುರುಮಾಡಿದ. ಆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಂದಿದ್ದು 1991ರಲ್ಲಿ, ಅವನಿಗೆ ಇಪ್ಪತ್ತೊಂದಾದಾಗ. ನಡುವಿನ ಹತ್ತು ವರ್ಷ ಅವನಿಗೆ ಯಾರೂ ಚಾಟ್‌ನಲ್ಲಿ ಕೋಡ್ ಹಾಕಿಕೊಡಲಿಲ್ಲ.

ಇಷ್ಟೆಲ್ಲ ಹಾರಾಡೋ ನಾನು ಕಳೆದ ತಿಂಗಳು ಏನು ಮಾಡಿದೆ ಗೊತ್ತಾ? ರಾತ್ರಿ ಹನ್ನೊಂದಕ್ಕೆ ಎರರ್ ಬಂತು. ಓದಲಿಲ್ಲ. ಹಾಗೇ ಎತ್ತಿ ಎಐಗೆ ಕೊಟ್ಟೆ, ಅದು ಕೊಟ್ಟಿದ್ದನ್ನ ಪೇಸ್ಟ್ ಮಾಡಿ ಮಲಗಿದೆ. ಬೆಳಿಗ್ಗೆ ಆರಕ್ಕೆ ಮ್ಯಾನೇಜರ್ ಫೋನು. ಲೈವ್ ಸೈಟೇ ಮಲಗಿತ್ತು. ಟೀಚರಮ್ಮನ ಮೇಲೆ ಸಿಟ್ಟು ಜಾಸ್ತಿ ಬಂದಿದ್ದು ಇದಕ್ಕೇ ಇರಬೇಕು.

ಮುಂದಿನ ಲೆವೆಲ್‌ಗೆ ದುಡ್ಡು ಕಟ್ಟಲಾ ಅಂತ ತಂಗಿ ವಾಟ್ಸಾಪ್ ಮಾಡಿದ್ದಾಳೆ. ನೋಡಿ ಒಂದು ತಾಸಾಯ್ತು. ಟೈಪ್ ಮಾಡ್ತೇನೆ, ಅಳಿಸ್ತೇನೆ. ಇಲ್ಲೇ ಓದಿಕೊಳ್ಳಲಿ ಬಿಡಿ.