ಕಾರು ಬೆಟ್ಟದ ಮೇಲಿನವರೆಗೂ ಹೋಗುತ್ತದೆ, ಆಮೇಲೆ?

‘ನಂದಿಬೆಟ್ಟಕ್ಕೆ ನಿಮ್ಮ ಅತ್ತೆಯನ್ನೂ ಕರೆದುಕೊಂಡು ಬನ್ನಿ, ಮೇಲಿನವರೆಗೂ ಕಾರು ಹೋಗುತ್ತದೆ’ ಎನ್ನುವವರ ಮೇಲೆ ನನಗೆ ಸಣ್ಣ ಮುನಿಸಿದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಕಾರು ಹತ್ತುತ್ತದೆ, ಒಪ್ಪೋಣ. ಕಾರಿನಿಂದ ಇಳಿದ ಮೇಲಿನ ಏರುದಾರಿ, ಕಲ್ಲುಹಾಸು, ಮೆಟ್ಟಿಲುಗಳನ್ನು ಹತ್ತುವವರು ಯಾರು?

ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕು ಎನ್ನುವುದು ಗಾಲಿಕುರ್ಚಿಯ ಲೆಕ್ಕ. ಬೆಟ್ಟದ ದಾರಿಗೆ ಆ ಲೆಕ್ಕ ಗೊತ್ತಿಲ್ಲ. ತಳ್ಳಿಕೊಂಡು ಹತ್ತುವಾಗ ತೋಳು ಸೋಲುತ್ತದೆ, ಅಷ್ಟೇ. ಭಯವಿರುವುದು ಇಳಿಯುವಾಗ. ಕಡಿದಾದ ಕಡೆ ಕುರ್ಚಿಯನ್ನು ಹಿಮ್ಮುಖ ಮಾಡಿ, ತಳ್ಳುವವರು ಕೆಳಗಿನ ಬದಿಗೆ ನಿಂತು, ಒಂದೊಂದೇ ಹೆಜ್ಜೆ ಹಿಂದಿಡಬೇಕು. ಮುಮ್ಮುಖವಾಗಿ ಬಿಟ್ಟರೆ ಕುಳಿತವರೇ ಮುಂದಕ್ಕೆ ಜಾರುತ್ತಾರೆ. (ಅವರ ಮಡಿಲಲ್ಲಿ ತಿಂಡಿಯ ಚೀಲವನ್ನೂ ಇಡಬೇಡಿ, ಅಲ್ಲಿನ ಕೋತಿಗಳಿಗೆ ದಾಕ್ಷಿಣ್ಯವಿಲ್ಲ.)

ಸೂರ್ಯೋದಯದ ಹಟ ಬಿಡಿ. ನಡುರಾತ್ರಿ ಎದ್ದು ಭಾನುವಾರದ ವಾಹನಗಳ ಸಾಲಿನಲ್ಲಿ ಕೂರುವುದು ಕೀಲುನೋವಿನವರಿಗೆ ಶಿಕ್ಷೆ. ವಾರದ ನಡುವೆ, ಮಂಜು ಕರಗಿ ಕಲ್ಲು ಒಣಗಿದ ಮೇಲೆ ಹೋಗಿ.

ಇನ್ನು ಶೌಚಾಲಯ. ‘ಇದೆಯಾ’ ಎಂದು ಕೇಳಿದರೆ ಎಲ್ಲ ಕಡೆಯೂ ‘ಇದೆ’ ಎಂದೇ ಹೇಳುತ್ತಾರೆ. ಎಷ್ಟು ಮೆಟ್ಟಿಲು, ಬಾಗಿಲೊಳಗೆ ಕುರ್ಚಿ ಹಿಡಿಸುತ್ತದೆಯೇ, ಕಮೋಡ್ ಪಕ್ಕ ಹಿಡಿದುಕೊಳ್ಳಲು ಕಂಬಿ ಇದೆಯೇ ಎಂದು ಕೇಳಿ ನೋಡಿ, ಆಗ ತೊದಲುತ್ತಾರೆ. ಪ್ರಯಾಣ ಎಂದರೆ ಹಿಂದಿನ ರಾತ್ರಿಯಿಂದಲೇ ನಮ್ಮ ಅತ್ತೆ ನೀರು ಕುಡಿಯುವುದನ್ನು ಬಿಡುತ್ತಾರೆ. ‘ಬಾಯಾರಿಕೆ ಇಲ್ಲಮ್ಮ’ ಎನ್ನುತ್ತಾರೆ. ಸಾರ್ವಜನಿಕ ಜಾಗಗಳು ಎಲ್ಲರ ಬಳಕೆಗೂ ಒದಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿದೆ. 1986ರಲ್ಲಿ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಕೂಟ) ನಾಯಕರನ್ನು ಬರಮಾಡಿಕೊಂಡ ಬೆಟ್ಟದಲ್ಲಿ ನಮ್ಮ ಮನೆಯ ಹಿರಿಯರಿಗೆ ಒಂದು ಕಂಬಿ ಕೇಳುವುದು ದುಬಾರಿ ಬೇಡಿಕೆಯೇನಲ್ಲ.

ಅದಕ್ಕಿಂತ ಸಿಟ್ಟು ಬರಿಸುವುದು ನಮ್ಮವರದೇ ಮಾತು: ‘ನೀವು ಕಾರಿನಲ್ಲೇ ಕೂತಿರಿ, ಫೋಟೊ ತೆಗೆದುಕೊಂಡು ಬರುತ್ತೇವೆ.’ ಏನು ನೋಡಬೇಕೆಂದು ಮೊದಲು ಅವರನ್ನೇ ಕೇಳಬಾರದೇ? ಅತ್ತೆಗೆ ತುದಿಯ ಗೊಡವೆಯೇ ಇಲ್ಲ. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನನ್ನು ನೋಡಿ, ಕಂಬದ ಕೆತ್ತನೆ ಮುಟ್ಟಿ, ಅಂಗಳದಲ್ಲಿ ಕುಳಿತು ಚಿತ್ರಾನ್ನ ತಿನ್ನಬೇಕಂತೆ. ಹೊಸಿಲು, ಮೆಟ್ಟಿಲು ಅಲ್ಲೂ ಇವೆ, ಆದರೆ ಬೆಟ್ಟ ಹತ್ತುವುದು ತಪ್ಪುತ್ತದೆ.

ಭಾವನವರಿಗೆ ಮಾತ್ರ ಬೆಟ್ಟದ ಮೇಲಿನ ಕಡಿದಾದ ಬಂಡೆಯಂಚು ಟಿಪ್ಪು ಡ್ರಾಪ್ ನೋಡದಿದ್ದರೆ ಪ್ರವಾಸವೇ ಅಲ್ಲ. ಧಾರಾಳವಾಗಿ ಹೋಗಿ ಬರಲಿ. ಅತ್ತೆಯ ಜತೆ ಉಳಿಯುವ ಸರದಿ ಮುಂದಿನ ಸಲ ಅವರದು.